ಭೂತದ ಕತಿಗಿ ಹೂಂ ಅನ್ನಬಾರ್ದು

ನಮ್ಮ ಕಡಿ ಕತಿ ಹೇಳೋರಿಗಿ ಒಬ್ಬರಾದ್ರೂ ಹೂಂ ಅನ್ನೋರು ಬೇಕು. ಹತ್ತು ಮಂದಿ ಕೂತು ಕೇಳ್ಲಿ, ಅದರಾಗ ಒಬ್ಬರು ಮಾತಿಗೊಮ್ಮಿ ಹೂಂ, ಹೂಂ ಅಂತ ಇರಬೇಕು. ಹೂಂ ನಿಂತ್ರ ಕತಿ ನಿಂತಂಗ. "ಗ್ವಾಡಿಗಿ ಹೇಳಾಕ ನನಗೇನು ಹುಚ್ಚು ಹಿಡದದೇನು" ಅಂತ ಹೇಳೋರು ಎದ್ದೇ ಹೋಗಿಬಿಡ್ತಾರ. ನಮ್ಮ ಅತ್ತಿ ಈ ಹೂಂ ಅನ್ನೋ ಕೆಲಸದಾಗ ಭಾಳ ಪಳಗಿದವರು. ಅವ್ರ ತವರು ಮೊಗುಡಂಪಲ್ಲಿ. ಅಲ್ಲಿ ಕನ್ನಡದಾಗ ಮಾತು ಶುರು ಮಾಡಿ, ತೆಲುಗಿನ್ಯಾಗ ಜಗಳಾಡಿ, ಉರ್ದುದಾಗ ರಾಜಿ ಆಗ್ತಾರ. ಹಿಂಗಾಗಿ ಮೂರು ಭಾಷಿದಾಗ ಯಾರು ಏನು ಹೇಳಿದ್ರೂ ನಮ್ಮತ್ತಿ ತಯಾರ್. ಬರದೇ ಇದ್ದದ್ದು ಇಂಗ್ಲಿಷ್ ಒಂದೇ.

ಆ ಇಂಗ್ಲಿಷ್ ಸುದ್ದಾ ಕಡೀಕ ನಮ್ಮ ಜಹೀರಾಬಾದಿನ ಮನಿಗಿ ಬಂತು. ಕೇಬಲ್ ತೆಗಿಸಿ ನನ್ನ ಗಂಡ ಇಂಟರ್ನೆಟ್ ಇರೋ ದೊಡ್ಡ ಟಿವಿ ತಂದು ಗ್ವಾಡಿಗಿ ಬಡದ. ಬಡದು ಆಂವ ಫ್ಯಾಕ್ಟರಿಗಿ ಹ್ವಾದ. ಮನ್ಯಾಗ ಉಳದವರು ನಾವಿಬ್ರು ಅತ್ತಿ ಸೊಸಿ. ಮಗಳು ಓದಾಕ ಹಾಸ್ಟೆಲ್ ಸೇರಿದ್ಲು. ಅತ್ತಿಯವರ ಮಧ್ಯಾಹ್ನದ ಧಾರಾವಾಹಿ ಹುಡುಕಾಕ ನಾ ಯಾವುದೋ ಬಟನ್ ಒತ್ತಿದೆ. ಕಪ್ಪು ಬಿಳುಪಿನ ಒಂದು ಹಳೇ ಇಂಗ್ಲಿಷ್ ಧಾರಾವಾಹಿ ಹತ್ತಿಕೊಂಡ್ತು. ಕೋಟು ಹಾಕ್ಕೊಂಡ ಒಬ್ಬ ಮನಷಾ ನೆಟ್ಟಗ ನಮ್ಮ ಮಾರಿ ನೋಡ್ಕೋತ ಏನೋ ಹೇಳಾಕ ನಿಂತ.

ನಮ್ಮತ್ತಿ ತೊಗರಿ ಹಸನ ಮಾಡ್ಕೋತ ತಲಿ ಎತ್ತಿ "ಹೂಂ" ಅಂದ್ರು.

ನಾ ಹೊಟ್ಟಿ ಹಿಡಕೊಂಡು ನಕ್ಕೆ. "ಅತ್ತಿ, ಅಂವ ಏನಂದ ಅಂತ ತಿಳೀತೇನ್ರಿ?"

"ತಿಳೀದಿದ್ರ ಏನಾತು? ಪಾಪ, ಅಷ್ಟು ದೂರದಿಂದ ಬಂದು ಕತಿ ಹೇಳಾಕ ನಿಂತಾನ. ನೀ ನಗೋದು ಬಿಟ್ಟು ಏನಂದ ಹೇಳು."

ಹಿಂಗ ಶುರು ಆತು ನೋಡ್ರಿ ನನ್ನ ಚಾಕರಿ. ನಾ ಬಿ.ಎಸ್ಸಿ. ಓದಿದಾಕಿ, ಇಂಗ್ಲಿಷ್ ಒಂದಿಷ್ಟು ಬರ್ತದ. ಕೋಟಿನವ ಒಂದು ಮಾತಂದ್ರ ನಾ ಒಂದು ಮಾತು ಕನ್ನಡದಾಗ ಹೇಳ್ತಿದ್ದೆ. ಅತ್ತಿ ಹೂಂ ಅಂತಿದ್ರು. ಆ ಧಾರಾವಾಹಿದಾಗ ಒಂದು ಸಲಕ್ಕ ಒಂದೇ ಕತಿ, ಅರ್ಧ ತಾಸಿನಾಗ ಖಲಾಸ್. ಎಲ್ಲಾ ವಿಜ್ಞಾನದ ಕಲ್ಪನಾ ಕತಿಗಳು. ಒಬ್ಬಂವ ನಾಳಿನ ಮಾತು ಇವತ್ತೇ ಕೇಳೋ ರೇಡಿಯೋ ಮಾಡ್ಕೊಂಡು ಕೆಡ್ತಾನ. ಇನ್ನೊಬ್ಬಂವ ತನ್ನಂಗೇ ಇರೋ ಯಂತ್ರದ ಮನಷಾನ ಮಾಡಿ ಆಫೀಸಿಗಿ ಕಳಿಸ್ತಾನ. ಕಡೀಕ ಹೆಂಡ್ತಿ "ನೀ ಬ್ಯಾಡ, ಇವನೇ ಇರ್ಲಿ" ಅಂತಾಳ. ಈ ಕತಿ ನಮ್ಮತ್ತಿಗಿ ಎಷ್ಟು ಸೇರ್ತಂದ್ರ, ಮಗ ಊಟದಾಗ ಉಪ್ಪು ಕಡಿಮಿ ಅಂದಾಗೆಲ್ಲ "ಯಂತ್ರದಾಂವ ಆಗಿದ್ರ ಸುಮ್ಮ ಉಣ್ತಿದ್ದ" ಅಂತ ಹೇಳಾಕ ಶುರು ಮಾಡಿದ್ರು.

ಅವ್ರಿಗಿ ಒಂದೇ ತಕರಾರು. ದಿನಾ ಹೊಸ ಮಂದಿ ಬರ್ತಾರ, ನಿನ್ನಿ ಮಂದಿ ಎಲ್ಲಿ ಹ್ವಾದ್ರು? ಮೊದಲಿನ ಧಾರಾವಾಹಿದಾಗ ಒಬ್ಬಾಕಿ ಸೊಸಿ ವರ್ಷಾನುಗಟ್ಲೆ ಅತ್ತಿದ್ಲು, ಆಕಿ ಸುಖ ದುಃಖ ಮನಿ ಮಂದಿದಂಗ ಗೊತ್ತಿತ್ತು. ಇಲ್ಲಿ ನೋಡಿದ್ರ ಗುರ್ತ ಆಗೋದ್ರಾಗ ಮಾಯ! ಒಂದು ಸಲ ಅಂತೂ, ಒಂದು ಕತ್ಯಾಗ ಸತ್ತಂವ ಮುಂದಿನ ಕತ್ಯಾಗ ಟೋಪಿ ಹಾಕ್ಕೊಂಡು ಚಾ ಕುಡಿಯಾಕ ಬಂದ. ನಮ್ಮತ್ತಿ ಕೈಯಾಗಿನ ತೊಗರಿ ಹಸನ ಮಾಡೋ ಮರ ಕೆಳಗಿಟ್ಟು, "ಏ ಪೋರಿ, ಇಂವ ಮೊನ್ನಿ ಸತ್ತಿದ್ದನಲ್ಲ?" ಅಂದ್ರು. ನಟ ಅಂವನೇ, ಪಾತ್ರ ಬ್ಯಾರೆ ಅಂತ ನಾ ಎಷ್ಟು ತಿಳಿಸಿ ಹೇಳಿದ್ರೂ ಅವ್ರು ಆ ಚಾ ಕುಡಿಯಾಂವನ ಮ್ಯಾಲ ಕಡೀತನಕ ಒಂದು ಕಣ್ಣಿಟ್ಟಿದ್ರು.

ನನ್ನ ಗಂಡಗ ಈ ರಾಕೆಟ್ಟು ಯಂತ್ರ ಯಾವುದೂ ಬ್ಯಾಡ. ಅವನಿಗಿ ಭೂತ ಬೇಕು. ರವಿವಾರ ಸೂಟಿ ಇದ್ದಾಗ ಆಂವ ಇನ್ನೊಂದು ಹಳೇ ಧಾರಾವಾಹಿ ಹಾಕ್ತಿದ್ದ. ಅದರಾಗೂ ಸಲಕ್ಕೊಂದು ಕತಿನೇ, ಆದ್ರ ಎಲ್ಲಾ ದೆವ್ವದ್ದು. ಒಬ್ಬಾಕಿ ಉದ್ದ ಕೂದಲಿನ ಹೆಣ್ಮಗಳು ಕಂದೀಲು ಹಿಡಕೊಂಡು ಬಾವಿ ಕಟ್ಟಿ ಮ್ಯಾಲ ಕೂತು "ಬರ್ರಿ, ಒಂದು ಮಾತು ಹೇಳ್ತೀನಿ" ಅಂತ ಕರೀತಿದ್ಲು. ಕರೆಯೋದೇ ತಡ, ನಮ್ಮತ್ತಿ ಸೆರಗು ಬಾಯಿಗಿ ಒತ್ತಿಕೊಂಡು ಕೂಡ್ತಿದ್ರು. ಯಾಕಂದ್ರ ಗುರ್ತಿಲ್ಲದ ದನಿ ಕರದ್ರ ಓ ಅನ್ನಬಾರ್ದು, ಅದು ಮೂರು ಸಲ ಕರದ ಮ್ಯಾಲೇ ಅನ್ನಬೇಕು ಅಂತ ನಮ್ಮ ಕಡಿ ಎಲ್ಲರಿಗೂ ಗೊತ್ತದ. ದೆವ್ವ ಮೂರನೇ ಸಲ ಕರೆಯಂಗಿಲ್ಲ. ಓ ಅನ್ನೋದೂ ಒಂದೇ, ಹೂಂ ಅನ್ನೋದೂ ಒಂದೇ ಅಂತ ನಮ್ಮತ್ತಿ ಲೆಕ್ಕ. ಹಿಂಗಾಗಿ ಆ ಕತಿ ಮುಗಿಯೋ ತನಕ ಅವ್ರು ಬರೇ ಕೈಲೇ ಸನ್ನಿ ಮಾಡ್ತಿದ್ರು. "ಅವ್ವಾ, ಅದು ಟಿವಿ" ಅಂತ ನನ್ನ ಗಂಡ ಅಂದ್ರ, "ದೆವ್ವಕ್ಕ ಟಿವಿ ಏನು, ಬಾವಿ ಏನು" ಅಂತಿದ್ರು. ಮುಗಿದ ಮ್ಯಾಲ ಎದ್ದು ಮುಖ ತೊಳಕೊಂಡು ಹಣಿಗಿ ಇಬತ್ತಿ ಹಚ್ಕೊಂಡು ಬರ್ತಿದ್ರು.

ಯಾವುದು ಮೇಲು ಅಂತ ತಾಯಿ ಮಗಗ ರವಿವಾರ ಪೂರ್ತಿ ವಾದ ನಡೀತಿತ್ತು. ನಾ ರೊಟ್ಟಿ ಬಡಕೋತ ಒಳಗಿಂದಲೇ ಬಾಯಿ ಹಾಕ್ತಿದ್ದೆ. ನಾ ತಾಂಡೂರಿನಾಕಿ, ನೆಲಕ್ಕ ಹಾಸೋ ಪರಸಿ ಕಲ್ಲಿನ ಊರಿನಾಕಿ, ನನ್ನ ತಲಿಗೂ ಅದೇ ಕಲ್ಲು ಹಾಕ್ಯಾರ ಅಂತ ನನ್ನ ಗಂಡನ ಅಂಬೋಣ. ಇರ್ಲಿ. ನನ್ನ ಮತ ವಿಜ್ಞಾನದ ಕತಿಗೇ. ಅದರಾಗ ತಪ್ಪು ಎಲ್ಲಿ ಆತು ಅಂತ ಹುಡುಕಬಹುದು. ಭೂತದ ಕತ್ಯಾಗ ಬಾಗಲು ಕಿರ್ ಅಂತದ, ದೀಪ ಆರ್ತದ, ಮುಗೀತು. ನನ್ನ ಗಂಡ ಅಂತಾನ, ಅಂಜಿಕಿ ಬರ್ಲಿಲ್ಲಂದ್ರ ಅದೆಂಥ ಕತಿ, ಪಾಠ ಕೇಳಬೇಕಂದ್ರ ಸಾಲಿಗಿ ಹೋಗು. ಕಡೀಕ ನ್ಯಾಯ ಹೇಳಿದವರು ನಮ್ಮತ್ತಿ. "ಅದರಾಗ ಶ್ಯಾಣ್ಯಾರು ಸಾಯ್ತಾರ, ಇದರಾಗ ದಡ್ಡರು ಸಾಯ್ತಾರ. ಅಷ್ಟೇ ಫರಕ್." ಖರೇನೇ. ಒಂದರಾಗ ಮಾಡಬಾರದ ಯಂತ್ರ ಮಾಡಿ ಕೆಡ್ತಾರ, ಇನ್ನೊಂದರಾಗ ತೆಗೀಬ್ಯಾಡ ಅಂದ ಬಾಗಲು ತೆಗೆದು ಕೆಡ್ತಾರ. ಎರಡೂ ಧಾರಾವಾಹಿ ಅಷ್ಟು ದಿನ ನೋಡಿದ ಬಿ.ಎಸ್ಸಿ.ಗಿ ಇದು ಹೊಳೀಲಿಲ್ಲ ಅಂತ ನನಗ ಹೊಟ್ಟಿಕಿಚ್ಚೂ ಆತು.

ಈ ಮಜಾದಾಗ ಇದ್ದಾಗಲೇ ನಾರಾಯಣಖೇಡದ ಒಂದು ಸಾಲಿಯಿಂದ ನನಗ ಕರಿ ಬಂತು. ವಿಜ್ಞಾನದ ಟೀಚರ್ ಕೆಲಸ. ನಾ ಬಿ.ಎಡ್. ಮಾಡಿ ಇಟ್ಕೊಂಡಿದ್ದೆ. ಮದಿವಿ, ಮಗಳು, ತೀರಿಹ್ವಾದ ಮಾವನವರ ಜಡ್ಡು ಅಂತ ಅದು ಟ್ರಂಕಿನಾಗೇ ಉಳದಿತ್ತು. ಮುಂಜಾನಿ ಬಸ್ಸಿಗಿ ಹೋಗಿ ಸಂಜಿಗಿ ಬರಬೇಕು. ನನಗ ಆ ಕೆಲಸ ಎಷ್ಟು ಬೇಕಿತ್ತಂದ್ರ, ಒಗ್ಯಾಣ ಒಗಿಯುವಾಗ ಸುದ್ದಾ ಬಾಯಾಗ ಗುರುತ್ವಾಕರ್ಷಣೆ ಪಾಠ ಮಾಡ್ತಿದ್ದೆ. ಗಂಡ "ಹೋಗು, ಛಲೋ ಆತು" ಅಂದ. ಆದ್ರ ನಮ್ಮನ್ಯಾಗ ಅತ್ತಿ ಹೂಂ ಅನ್ನದೇ ಹೊಸ ಹಂಚು ಒಲಿ ಮ್ಯಾಲ ಏರಂಗಿಲ್ಲ. ಹಂಗಂತ ಯಾರೂ ಕಾನೂನು ಮಾಡಿಲ್ಲ, ಆದ್ರೂ ಹಂಗೇ ನಡಕೊಂಡು ಬಂದದ. ಅವ್ರ ಮನಸು ಮುರದು ಹೊಸ್ತಿಲ ದಾಟಾಕ ನನಗೂ ಮನಸಿದ್ದಿಲ್ಲ.

ಕೇಳಿದೆ. ಅತ್ತಿ ತೊಗರಿ ಕಲ್ಲು ಆರಿಸ್ಕೋತ ಕೂತ್ರು. ಹಾಂ ಇಲ್ಲ, ಹೂಂ ಇಲ್ಲ.

"ಮೌನಂ ಸಮ್ಮತಿ ಲಕ್ಷಣಂ" ಅಂದ ನನ್ನ ಗಂಡ. ಆಂವ ಹುಟ್ಟಿದ್ದು ಆ ತಾಯಿ ಹೊಟ್ಟ್ಯಾಗೇ, ಆದ್ರ ಆ ತಾಯಿ ಮೌನ ಅಂದ್ರ ಏನಂತ ಅವನಿಗಿಂತ ನನಗ ಛಲೋ ಗೊತ್ತದ.

ಸಾಲಿ ಹೆಡ್ಮಾಸ್ತರು ಶನಿವಾರದೊಳಗ ತಿಳಿಸ್ರಿ ಅಂದಿದ್ರು. ನನ್ನ ತಲ್ಯಾಗ ಒಂದು ಹಂಚಿಕಿ ಬಂತು. ಮಧ್ಯಾಹ್ನ ಕೋಟಿನವನ ಕತಿ ಹಾಕಿದೆ. ಚಂದ್ರಲೋಕಕ್ಕ ಹೋಗೋ ಕತಿ. ಎರಡು ಮಾತು ಬರೋಬರಿ ಹೇಳಿ, ಮೂರನೇದಕ್ಕ ನಂದು ಸೇರಿಸಿದೆ.

"ಆ ಹೆಣ್ಮಗಳು ಚಂದ್ರಲೋಕದ ಸಾಲಿಗಿ ಟೀಚರ್ ಆಗಿ ಹೋಗ್ತೀನಿ ಅಂತಾಳ್ರಿ ಅತ್ತಿ."

"ಹೂಂ."

"ಆಕಿಗಿ ಮನ್ಯಾಗ ಒಬ್ರು ಅತ್ತಿ ಅದಾರ."

"ಹೂಂ."

"ಭಾಳ ಒಳ್ಳೆ ಅತ್ತಿ. ಹೋಗವ್ವಾ, ಆರಾಮ ಹೋಗಿ ಬಾ ಅಂದ್ರು."

ಹೂಂ ಬರ್ಲಿಲ್ಲ. ನಮ್ಮತ್ತಿ ಕನ್ನಡಕ ಸರಿಸಿ ನನ್ನ ನೋಡಿ, "ಆ ಚಂದ್ರಲೋಕ ನಾರಾಯಣಖೇಡದಿಂದ ಈ ಕಡಿ ಬರ್ತದೋ, ಆ ಕಡಿ ಬರ್ತದೋ?" ಅಂದ್ರು.

ನಗು ಬರಬೇಕಿತ್ತು, ಸಿಟ್ಟು ಬಂತು. ನನ್ನ ಸಿಟ್ಟು ಹಂಗೇ, ಹಾಲು ಉಕ್ಕಿದಂಗ. ರಿಮೋಟ್ ದಬಕ್ಕನ ಇಟ್ಟೆ. "ಯಾವನೋ ಕೋಟಿನಾಂವ, ಅವನ ಊರು ಗೊತ್ತಿಲ್ಲ, ಕುಲ ಗೊತ್ತಿಲ್ಲ, ಅವನಿಗಿ ಮಾತಿಗೊಂದು ಹೂಂ ಅಂತೀರಿ. ಇಷ್ಟು ವರ್ಷ ನಿಮ್ಮ ಜೊತಿ ಒಂದೇ ಒಲಿ ಮುಂದ ಕೂತೀನಿ, ನನಗೊಂದು ಹೂಂ ಇಲ್ಲೇನ್ರಿ?"

ಅವ್ರು ದನಿ ಏರಿಸ್ಲಿಲ್ಲ. "ಅವನಿಗಿ ಹೂಂ ಅಂದ್ರ ಆಂವ ಕತಿ ಮುಂದ ಹೇಳ್ತಾನ. ನಿನಗ ಹೂಂ ಅಂದ್ರ ನೀ ಬಸ್ ಹತ್ತತಿ" ಅಂದ್ರು.

ಜಗಳಾಡಾಕ ತಯಾರಾಗಿ ನಿಂತಾಕಿ ಒಳಗ ಹೋಗಿ ಹಿಟ್ಟು ನಾದಿದೆ. ಅವತ್ತು ರೊಟ್ಟಿ ತೀರ ದಪ್ಪ ಆದವು.

ಅಲ್ಲಿಂದ ಟಿವಿ ಬಂದ್. ಅತ್ತಿ ಸೊಸಿ ಇಬ್ರೂ "ಚಾ ತಗೋರಿ", "ಇಡು ಅಲ್ಲಿ" ಅಷ್ಟೇ. ನನ್ನ ಗಂಡ ಪಾಪ ನಡುವ ಸಿಕ್ಕ. ರವಿವಾರದ ಭೂತ ನೋಡಾಕ ಜೊತಿ ಯಾರೂ ಸಿಗಂಗಿಲ್ಲಲ್ಲ ಅಂತ ಅವನಿಗಿ ಫಿಕರ್. "ನಿಮ್ಮಿಬ್ರ ಮಾರಿ ನೋಡಿದ್ರ ಬಾವಿ ಕಟ್ಟಿ ಮ್ಯಾಲಿನಾಕಿನೇ ಛಲೋ" ಅಂದು ಅತ್ತ ತಾಯಿ ಕಡಿಂದ ಬೈಸಿಕೊಂಡ, ಇತ್ತ ನನ್ನ ಕಡಿಂದ ಬೈಸಿಕೊಂಡ.

ಶನಿವಾರ ಬಂತು. ಇನ್ನ ಫೋನ್ ಮಾಡಿ "ಆಗಂಗಿಲ್ರಿ ಸರ್" ಅಂತ ಹೇಳೋದೇ ಅಂತ ಗಟ್ಟಿ ಮಾಡ್ಕೊಂಡೆ. ಗಟ್ಟಿ ಮಾಡ್ಕೊಂಡೆ ಅಂತೀನಿ, ಫೋನ್ ಕೆಳಗೇ ಬಿಟ್ಟು ಮೆಣಸಿನಕಾಯಿ ಒಣಗ ಹಾಕೋ ನೆವ ಮಾಡಿ ಮಾಳಿಗಿ ಹತ್ತಿದ್ದೆ. ಕಣ್ಣಾಗ ನೀರು. ಖಾರದ ಘಾಟು ಅಂತ ನನಗ ನಾನೇ ಹೇಳ್ಕೊಂಡೆ. ಅಷ್ಟೊತ್ತಿಗಿ ಕೆಳಗ ಫೋನ್ ಹೊಡ್ಕೊಂಡ್ತು, ನಿಂತ್ತು. ಆಮ್ಯಾಲ "ಹೂಂ" ಅಂತ ಕೇಳ್ತು.

ಅತ್ತಿ ನನ್ನ ಬಿಟ್ಟು ಟಿವಿ ಹಚ್ಚಿಕೊಂಡ್ರಲ್ಲ ಅಂತ ಮೈ ಉರೀತು. ದಡದಡ ಮೆಟ್ಟಲ ಇಳದೆ. ಇಳದು ನೋಡಿದ್ರ ಟಿವಿ ಬಂದ್ ಆಗೇ ಅದ. ನಮ್ಮತ್ತಿ ನನ್ನ ಫೋನ್ ಎರಡೂ ಕೈಲೆ ಹಿಡಕೊಂಡು ಕಿವಿಗಿ ಒತ್ತಿಕೊಂಡು ನಿಂತಾರ. ಹೆಡ್ಮಾಸ್ತರ ದನಿ ಮೊದಲೇ ದೊಡ್ಡದು, ನನಗೂ ಕೇಳಾಕತ್ತಿತ್ತು. ಅವ್ರದು ತೆಲುಗು.

"ಮೀ ಕೋಡಲು ಸೋಮವಾರಂ ನುಂಚಿ ವಸ್ತುಂದಾ ಅಮ್ಮಾ?" ಅಂದ್ರು. ನಿಮ್ಮ ಸೊಸಿ ಸೋಮವಾರದಿಂದ ಬರ್ತಾಳೇನು ಅಂತ.

"ಹೂಂ."

"ರೋಜೂ ಬಸ್ಸುಲೋ ವಸ್ತುಂದಾ?" ದಿನಾ ಬಸ್ಸಿಗೇ ಬರ್ತಾಳೇನು ಅಂತ.

"ಹೂಂ."

"ಇಂಟ್ಲೋ ಇಬ್ಬಂದಿ ಏಮೀ ಲೇದು ಗದಾ?" ಮನ್ಯಾಗ ತ್ರಾಸು ಏನೂ ಇಲ್ಲಲ್ಲ ಅಂತ ಕೇಳಿದ್ರು.

ನಮ್ಮತ್ತಿ ಆಗ ನನ್ನ ನೋಡಿದ್ರು. ನಾ ಕಡೀ ಮೆಟ್ಟಲ ಮ್ಯಾಲ ನಿಂತಲ್ಲೇ ನಿಂತಿದ್ದೆ, ಮೆಣಸಿನಕಾಯಿ ಕೈ ಹಂಗೇ ಎತ್ತಿ ಹಿಡಕೊಂಡು. ಆ ಕಡಿಂದ ಹೆಡ್ಮಾಸ್ತರು "ಅಮ್ಮಾ? ಅಮ್ಮಾ?" ಅಂತ ಕರದ್ರು.

"ಹೂಂ" ಅಂದ್ರು ನಮ್ಮತ್ತಿ. ಅಂದು ಫೋನ್ ನನ್ನ ಕೈಗಿ ಕೊಟ್ರು.

ನಾ ಹೆಡ್ಮಾಸ್ತರಿಗಿ ಏನೇನು ಹೇಳಿದೆನೋ, ಬರ್ತೀನಿ ಬರ್ತೀನಿ ಅಂತ ನಾಕು ಸಲ ಅಂದಿರಬೇಕು. ಫೋನ್ ಇಟ್ಟು ತಿರುಗಿದ್ರ ಅತ್ತಿ ಆಗಲೇ ಮರ ಹಿಡಕೊಂಡು ಕೂತಾರ.

"ಬಾಯಿಗಿ ರೂಢಿ ಆಗ್ಯಾದ" ಅಂದ್ರು, ನನ್ನ ನೋಡ್ದೇನೇ. "ಯಾರೋ ಏನೋ ಹೇಳಾಕತ್ತಿದ್ರು, ಹೂಂ ಅಂದೆ."

"ಸುಳ್ಳು ಹೇಳಬ್ಯಾಡ್ರಿ ಅತ್ತಿ! ತೆಲುಗು ನಿಮಗ ನನಕಿಂತ ಛಲೋ ಬರ್ತದ."

"ಸುಳ್ಳಿನ ಮಾತು ನೀ ಆಡಬ್ಯಾಡ." ಈಗ ತಲಿ ಎತ್ತಿದ್ರು. "ಹೋದ ತಿಂಗಳು ಆ ಕತಿ ನೋಡಿದೆವಲ್ಲ, ಮನಿ ಮಂದಿ ಎಲ್ಲಾ ರಾಕೆಟ್ ಹತ್ತಿ ಹ್ವಾದ್ರು, ಜಾಗಾ ಸಾಲ್ಲಿಲ್ಲ ಅಂತ ಆ ಮುದುಕಿ ಕುರ್ಚಿ ಮ್ಯಾಲೇ ಉಳದ್ಲು. ಕಡೀಕ ಏನಾತು?"

ನಾ ಮೆಣಸಿನಕಾಯಿ ಕೈ ಸೆರಗಿಗಿ ಒರಸ್ಕೊಂಡೆ.

"ನನಗ ಇಂಗ್ಲಿಷ್ ಬರಂಗಿಲ್ಲ, ಕಣ್ಣು ಕಾಣ್ತಾವ. ಆ ಮುದುಕಿ ಸಲುವಾಗಿ ಯಾರೂ ಹೊಳ್ಳಿ ಬರ್ಲಿಲ್ಲ. ನೀ ಏನಂದಿ? ಮುಂದಿನ ವಾರ ಬಂದು ಕರಕೊಂಡು ಹ್ವಾದ್ರು ಅತ್ತಿ ಅಂದಿ. ನಾ ಹೂಂ ಅಂದೆ." ಅವ್ರು ಮರ ಒಂದು ಸಲ ಝಾಡಿಸಿದ್ರು, ಹೊಟ್ಟು ಹಾರ್ತು. "ಅದೇನು ಆ ಟಿವಿ ಡಬ್ಬಿಗಿ ಅಂದೆ ಅಂತ ತಿಳದಿ? ನಿನಗೇ ಅಂದೆನಲ್ಲೇ, ಹುಚ್ಚೀ."