ಹಸು ಸುತ್ತಿಕೊಂಡು ಬರಲಿ ಬಿಡಿ

ಹೋದ ತಿಂಗಳು ಒಂದು ಭಾನುವಾರ ದೊಮ್ಮಲೂರಿನಲ್ಲಿ ಒಂದು ಹಸು ಗೋಡೆಯೊಳಗೆ ನುಗ್ಗಿ ಆಚೆ ಬದಿಯಲ್ಲಿ ಹೊರಬಂತು. ನಾನು ಕಣ್ಣಾರೆ ಕಂಡೆ. ನನ್ನ ಜೊತೆ ಟೆರೇಸಿನ ಮೇಲೆ ಕೂತಿದ್ದ ಅಷ್ಟೂ ಜನ ಕಂಡರು, ಚಪ್ಪಾಳೆ ತಟ್ಟಿದರು.

ಗಾಬರಿ ಬೇಡ. ಹಸು ವಿಡಿಯೊ ಗೇಮಿನದು. ಗೋಡೆ ಮಾತ್ರ ನಿಜದ್ದು.

ನಿಧಾನವಾಗಿ ಹೇಳುತ್ತೇನೆ. ಅವಸರದಲ್ಲಿ ಹೇಳಿದರೆ ಯಾರ ಮೇಲೋ ತಪ್ಪು ಹೊರಿಸಿಬಿಡುತ್ತೇನೆಂಬ ಭಯ ನನಗೆ.

ನನ್ನ ಗೆಳತಿ ಶೈಲಜಾ ಧಾರವಾಡದವಳು, ಚಿತ್ರ ಬರೆಯುವವಳು. ಹೊಟ್ಟೆಪಾಡಿಗೆ ಇಂದಿರಾನಗರದ ಆಫೀಸೊಂದರಲ್ಲಿ ಜಾಹೀರಾತಿನ ಚಿತ್ರ ಮಾಡುತ್ತಾಳೆ. ಖುಷಿಗೆ ಈ ಗೇಮ್. ಮಾರುವ ಯೋಚನೆಯೇ ಇಲ್ಲ. ಕಥೆ ಇಷ್ಟೇ: ದೊಮ್ಮಲೂರು ಇನ್ನೂ ಹಳ್ಳಿಯಾಗಿದ್ದ ಕಾಲ. ಮೇಯಲು ಹೋದ ಹಸುವನ್ನು ಹೊತ್ತು ಮುಳುಗುವುದರೊಳಗೆ ಕೊಟ್ಟಿಗೆಗೆ ಹೊಡೆದುಕೊಂಡು ಬರಬೇಕು. ಗುಂಡಿಲ್ಲ, ರಕ್ತವಿಲ್ಲ. ಹಸು ದಾರಿಯಲ್ಲಿ ಯಾರದೋ ಬೇಲಿಗೆ ಬಾಯಿ ಹಾಕುತ್ತದೆ, ಬೈಸಿಕೊಳ್ಳುತ್ತದೆ. (ಬೈಗುಳ ಬರೆದುಕೊಟ್ಟವನು ನಾನು.)

ಹಳೆಯ ದೊಮ್ಮಲೂರು ಅವಳಿಗೆ ಗೊತ್ತಿಲ್ಲ. ಗೊತ್ತಿದ್ದವರನ್ನು ಕೇಳಿದಳು. ಅಲ್ಲೇ ಹುಟ್ಟಿದವರು, ಒಂದು ಕಾಲಕ್ಕೆ ರಾಗಿ ಬೆಳೆದು ಈಗ ಮನೆ ಬಾಡಿಗೆಗೆ ಕೊಟ್ಟಿರುವವರು, ಅವಳಿರುವ ಮನೆಯ ಟೆರೇಸಿಗೆ ಬಂದರು. ಇವಳು ಸೀಮೆಸುಣ್ಣದಲ್ಲಿ ನೆಲದ ಮೇಲೆ ಊರಿನ ನಕ್ಷೆ ಬರೆದಳು. ಅವರು ಕಾಲಿನಲ್ಲಿ ಅಳಿಸಿ, ‘ಬಾವಿ ಅಲ್ಲಿರ್ಲಿಲ್ಲಮ್ಮ, ಈಚೆ ತಳ್ಳು’ ಎಂದರು. ಬಾವಿ ಈಚೆ ಬಂತು. ಹುಣಸೆಮರ ಆಚೆ ಹೋಯಿತು. ಒಬ್ಬೊಬ್ಬರೂ ಗೇಮಿಗೆ ದನಿ ಕೊಟ್ಟರು. ಒಬ್ಬರು ಬರೀ ಕೆಮ್ಮು ಕೊಟ್ಟರು.

ಎಲ್ಲರಿಗಿಂತ ಹೆಚ್ಚು ಹುರುಪು ಅವಳ ಮನೆ ಓನರ್ ಮುನಿರಾಜಣ್ಣನದು. ಗೇಮಿನ ಹಸು ಗೌರಿ, ಅವರ ತಂದೆ ಸಾಕಿದ್ದ ಹಸು. ಕರೆಯುವ ದನಿಯೂ ಅವರದೇ. ಮೊಬೈಲು ಹಿಡಿದು ‘ಬಾ ಗೌರೀ, ಬಾ ಬಾ’ ಎಂದವರು ಆಮೇಲೆ ಟವೆಲಿನಲ್ಲಿ ಮುಖ ಒರೆಸಿಕೊಂಡರು.

‘ದೊಡ್ಡ ರಸ್ತೇಲಿ ಬಂದ್ರೆ ಕತ್ತಲಾಗೋಗುತ್ತೆ ಕಣಮ್ಮ’ ಎಂದವರೂ ಅವರೇ. ‘ನಮ್ಮನೆ ಪಕ್ಕ ಸಂದಿ ಇತ್ತು. ಇಡೀ ಊರು ಅದ್ರಲ್ಲೇ ಓಡಾಡ್ತಿತ್ತು. ಅದ್ರಲ್ಲಿ ನುಗ್ಸು. ಅದೇ ನಿನ್ ಗೇಮಿನ ಗುಟ್ಟು.’

ಸಂದಿ ಈಗಿಲ್ಲ. ಆ ಜಾಗದಲ್ಲಿ ಮುನಿರಾಜಣ್ಣನ ಕಾರ್ ಶೆಡ್ಡಿದೆ, ಶೆಡ್ಡಿನ ಹಿಂದೆ ಗೋಡೆ. ಗೋಡೆಯ ಆಚೆ ಲಕ್ಷ್ಮಮ್ಮನ ಮನೆ. ಮಂಡಿ ಸವೆದಿರುವ, ಕಣ್ಣು ಮಂಜಾಗಿರುವ ಆಕೆ ಹಾಲಿಗೂ ಮಾತ್ರೆಗೂ ದೊಡ್ಡ ರಸ್ತೆ ಸುತ್ತಿಕೊಂಡೇ ಬರಬೇಕು.

ಆ ಭಾನುವಾರ ಟೀವಿಯನ್ನು ಟೆರೇಸಿಗೆ ಹೊತ್ತುಕೊಂಡು ಬಂದು ಗೇಮ್ ತೋರಿಸಿದೆವು. ಲಕ್ಷ್ಮಮ್ಮನೂ ಬಂದಿದ್ದರು. ಮೊದಲ ಆಟ ಮುನಿರಾಜಣ್ಣನದೇ. ಹಸು ಅವರ ಮನೆ ಹತ್ತಿರ ಬಂದದ್ದೇ ತಡ, ‘ಸಂದಿಗ್ ನುಗ್ಸಣ್ಣೋ!’ ಎಂದು ಎಲ್ಲರೂ ಕೂಗಿದರು. ನುಗ್ಗಿಸಿದರು. ಬೆಳಕಿದ್ದಾಗಲೇ ಗೌರಿ ಕೊಟ್ಟಿಗೆ ಸೇರಿದಳು. ಚಪ್ಪಾಳೆ ಆಗಿನದು.

ಚಪ್ಪಾಳೆ ನಿಂತ ಮೇಲೆ ಲಕ್ಷ್ಮಮ್ಮ ಹೇಳಿದರು, ‘ಮುನಿರಾಜು, ಆಟದಲ್ಲಾದ್ರೂ ದಾರಿ ಬಿಟ್ಯಲ್ಲೋ. ಸಂತೋಷ ಕಣಪ್ಪ.’

ಯಾರೋ ಕಿಸಕ್ಕನೆ ನಕ್ಕರು. ಮುನಿರಾಜಣ್ಣ ಕೈಯಲ್ಲಿದ್ದ ರಿಮೋಟನ್ನು ನಿಧಾನವಾಗಿ ಕೆಳಗಿಟ್ಟು ಎದ್ದು ಹೋದರು.

ಮರುದಿನ ಶೈಲಜಾಳ ಮನೆಗೆ ಬಂದರು. ನಾನು ಅಲ್ಲಿದ್ದೆ. ಬರಿಗೈಯಲ್ಲಿ ಬರಲಿಲ್ಲ, ಸ್ಟೀಲ್ ಡಬ್ಬಿಯಲ್ಲಿ ಬಸ್ಸಾರು ತಂದಿದ್ದರು. ಕೂಗಾಡಲಿಲ್ಲ.

‘ಸಂದಿ ತೆಗ್ದ್ಬಿಡಮ್ಮ.’

‘ಸಂದಿ ಇತ್ತು ಅಂತ ನೀವ ಹೇಳಿದ್ರಿ ಅಲ್ಲರೀ, ಅಣ್ಣಾರ?’

‘ಹೇಳ್ದೆ. ಬಾಯಲ್ಲಿ ಹೇಳೋದು ಬೇರೆ, ರೆಕಾರ್ಡ್ ಆಗೋದು ಬೇರೆ. ನನ್ ವಾಯ್ಸಲ್ಲೇ ಸಂದಿ ತೋರಿಸ್ತಿದ್ದೀಯ. ನಾಳೆ ಯಾರಾದ್ರೂ ಕೋರ್ಟಿಗೆ ತಗೊಂಡೋದ್ರೆ? ನಮ್ಮನೇಲಿರೋಳು ನೀನು. ಇಷ್ಟೂ ಮಾಡಲ್ವಾ?’

ಡಬ್ಬಿ ಇನ್ನೂ ಬಿಸಿಯಾಗಿತ್ತು.

ಸಂಜೆಯೊಳಗೆ ಗೇಮಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಶುರುವಾದವು. ‘ಸಂದಿ ಇದ್ರೆ ನನ್ನ ವಾಯ್ಸ್ ತೆಗೀರಿ ಪ್ಲೀಸ್.’ (ಇವರ ಮನೆಯ ಮೆಟ್ಟಿಲು ಇರುವುದು ಚರಂಡಿಯ ಮೇಲೆ.) ‘ನಂದೂ.’ (ಇವರ ಅಂಗಡಿಯ ಅರ್ಧ ಫುಟ್‌ಪಾತಿನಲ್ಲಿದೆ.) ಕೆಮ್ಮು ಕೊಟ್ಟವರೂ ಕೆಮ್ಮು ವಾಪಸ್ ಕೇಳಿದರು. ಗೋಡೆ ತೆಗೆಯಿರಿ ಎಂದು ಒಬ್ಬರಾದರೂ ಬರೆದರೇ? ಗೇಮಿನ ಸಂದಿ ಮುಚ್ಚಿ ಎಂದು ಎಲ್ಲರೂ ಬರೆದರು.

ಹಾಗಾದರೆ ಗೌರಿಯನ್ನು ಕರೆದಾಗ ಮುನಿರಾಜಣ್ಣ ಮುಖ ಒರೆಸಿಕೊಂಡದ್ದು ನಾಟಕವೇ? ಅಲ್ಲ. ಪಕ್ಕದಲ್ಲೇ ಇದ್ದೆ, ನಾಟಕವಾಗಿರಲಿಲ್ಲ. ಗೋಡೆ ಕಟ್ಟಿಸಿದವರೂ ಅವರೇ. ಕಳೆದುಹೋದ ಊರಿಗಾಗಿ ಮನಸಾರೆ ಅಳುತ್ತ ಆ ಊರಿನ ದಾರಿಯ ಮೇಲೆ ಕಾರು ನಿಲ್ಲಿಸಬಹುದು. ನನ್ನನ್ನು ಕಂಗೆಡಿಸಿದ್ದು ಅವರ ಸಿಟ್ಟಲ್ಲ, ಇದು.

ಶೈಲಜಾ ಮೂರು ದಿನ ಗೇಮ್ ಮುಟ್ಟಲಿಲ್ಲ. ನಾಲ್ಕನೆಯ ದಿನ ಗೋಡೆ ಬರೆದಳು. ಚೆನ್ನಾಗಿಯೇ ಬರೆದಳು, ಪಾಚಿ ಸಮೇತ. ಮತ್ತೊಂದು ಬಾಡಿಗೆ ಮನೆ ಹುಡುಕುವ ಶಕ್ತಿ ಅವಳಿಗಿರಲಿಲ್ಲ.

ಆಡಿ ನೋಡಿದೆವು. ಹಸು ಗೋಡೆಗೆ ಮೂತಿಯಿಟ್ಟು ನಿಂತಿತು. ದೊಡ್ಡ ರಸ್ತೆಯಲ್ಲಿ ಹೊಡೆದರೆ ಕೊಟ್ಟಿಗೆ ತಲುಪುವ ಮೊದಲೇ ಕತ್ತಲು, ಆಟ ಮುಗಿಯಿತು. ಎಷ್ಟು ಸಲ ಆಡಿದರೂ ಸೋಲು. ಮುನಿರಾಜಣ್ಣನಿಗೆ ಹೇಳಿದೆವು.

‘ಹಸು ಸುತ್ತಾಕ್ಕೊಂಡ್ ಬರ್ಲಿ ಬಿಡಮ್ಮ. ಅದಕ್ಕೇನ್ ಕಾಲ್ ನೋಯುತ್ತಾ?’

ಗೇಮಿಗೆ ಕೋಡ್ ಬರೆದುಕೊಟ್ಟ ಶಿವಾಜಿನಗರದ ಇಮ್ತಿಯಾಜ್ ಫೋನಿನಲ್ಲಿ ನಕ್ಕ. ‘ಅರೇ, ಸಿಂಪಲ್ ಮೇಡಂ. ಒಂದ್ ನಂಬರ್ ಚೇಂಜ್ ಮಾಡಿದ್ರೆ ಸೂರ್ಯ ಲೇಟಾಗಿ ಮುಳುಗ್ತಾನೆ.’

ಹಾಗೇ ಆಯಿತು. ಎಲ್ಲರೂ ತಮ್ಮ ದನಿಗಳನ್ನು ಮರಳಿ ಕೊಟ್ಟರು. ಕೆಮ್ಮೂ ಬಂತು. ಗ್ರೂಪಿನಲ್ಲಿ ಮತ್ತೆ ಗುಡ್ ಮಾರ್ನಿಂಗ್ ಹೂಗಳು ಅರಳಿದವು.

ಮೊನ್ನೆ ಸಂಜೆ ದೊಡ್ಡ ರಸ್ತೆಯಲ್ಲಿ ಲಕ್ಷ್ಮಮ್ಮ ಸಿಕ್ಕರು. ಕೈಯಲ್ಲಿ ಹಾಲಿನ ಪ್ಯಾಕೆಟ್. ಬೀದಿದೀಪ ಇನ್ನೂ ಹತ್ತಿರಲಿಲ್ಲ. ಸ್ಕೂಟರೊಂದು ತೀರಾ ಪಕ್ಕದಲ್ಲಿ ಹಾದುಹೋಗಿ, ಆಕೆ ಕಾಂಪೌಂಡ್ ಹಿಡಿದು ನಿಂತಿದ್ದರು.

‘ಆಟ ಏನಾಯ್ತಪ್ಪ?’

ಹೇಳಿದೆ. ಗೋಡೆ ಬಂದದ್ದು, ಹಸು ಸುತ್ತುವುದು, ಅದಕ್ಕಾಗಿ ಸೂರ್ಯನನ್ನು ತಡೆದದ್ದು, ಎಲ್ಲವನ್ನೂ.

ಆಕೆ ಉಸಿರು ತೆಗೆದುಕೊಂಡು ಆಕಾಶ ನೋಡಿದರು. ಕತ್ತಲಾಗಿತ್ತು.

‘ಒಳ್ಳೇದಾಯ್ತು ಬಿಡು, ಗೌರಿ ಬೆಳಕಿದ್ದಂಗೇ ಮನೆ ಸೇರ್ತಾಳೆ. ನಾನು?’