ಹೊಟ್ಟೆಯ ಫೋಟೋಕ್ಕೆ ಇಳಕಲ್ ಸೀರೆ

ತನ್ನ ಹೊಕ್ಕುಳಿನ ಸುತ್ತ ಗುಳ್ಳೆ ಎದ್ದಾಗ ಅವ್ವ ತಪ್ಪನ್ನೆಲ್ಲ ಒಣದ್ರಾಕ್ಷಿಯ ಮೇಲೆ ಹೊರಿಸಿದಳು. ನಮ್ಮೂರು ತಿಕೋಟಾದಲ್ಲಿ ಯಾರಿಗೆ ಮೈ ತುರಿಸಿದರೂ ಹೇಳುವುದು ಅದನ್ನೇ: ಒಣಗಿಸುವ ಮೊದಲು ದ್ರಾಕ್ಷಿ ಅದ್ದುವ ಎಣ್ಣೆ ತಾಗಿರಬೇಕು. ಆದರೆ ಅಂಡಾಶಯದ ಕ್ಯಾನ್ಸರಿಗೆ ಆಪರೇಷನ್ ಆದಾಗಿನಿಂದ, ಎರಡು ವರ್ಷ, ಅವ್ವ ದ್ರಾಕ್ಷಿ ಶೆಡ್ಡಿನ ಕಡೆ ಹಾಯ್ದಿರಲಿಲ್ಲ. ಅದನ್ನು ನೆನಪಿಸಿದರೆ, "ಎಣ್ಣಿ ಒಳಗ ಕುಂತಿತ್ತು, ಈಗ ಹೊರಗ ಬಿದ್ದೈತಿ" ಎಂದಳು. ಈ ಹೆಂಗಸಿನ ಜೊತೆ ವಾದಕ್ಕಿಳಿದು ಗೆದ್ದವರಿಲ್ಲ.

ವಿಜಯಪುರದಲ್ಲಿ, ಸೊಲ್ಲಾಪುರ ರಸ್ತೆಯ ಆಸ್ಪತ್ರೆಯ ಡಾಕ್ಟರಬಾಯಿ ಒಂದು ಗುಳ್ಳೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹಳೆಯ ಕ್ಯಾನ್ಸರೇ ಚರ್ಮಕ್ಕೆ ಹಬ್ಬಿತ್ತು. ಹೊಸ ಗುಳಿಗೆ ಶುರುವಾದವು. ಗುಳ್ಳೆ ಇಳಿದರೆ ಗುಳಿಗೆ ನಾಟಿದಂತೆ. ಅದಕ್ಕೆ ಪ್ರತಿ ಸೋಮವಾರ ಹೊಟ್ಟೆಯ ಫೋಟೋ ತೆಗೆದು ತಮ್ಮ ಮೊಬೈಲಿಗೆ ಕಳಿಸಬೇಕು ಎಂದರು.

ಮೊದಲ ಸೋಮವಾರ ನಾನು ಮೊಬೈಲ್ ಹಿಡಿದು ನಿಂತರೆ ಅವ್ವ ನಾಪತ್ತೆ. ಅರ್ಧ ತಾಸಿಗೆ ಬಂದಳು. ಇಳಕಲ್ ಸೀರೆ, ಮುಖಕ್ಕೆ ಪೌಡರ್, ಕೊರಳಲ್ಲಿ ಬೋರಮಾಳ, ಕೀಮೋಗೆ ಉದುರಿ ಮತ್ತೆ ಬೆಳೆದ ಚೋಟುದ್ದ ಕೂದಲಿಗೆ ಎಣ್ಣೆ.

"ಯವ್ವಾ, ತಗಿಯೋದು ಹೊಟ್ಟಿ ಫೋಟೋ ಬೇ."

"ಬರೇ ಹೊಟ್ಟಿ ಕಳಿಸಿದ್ರ ಯಾರ ಹೊಟ್ಟಿ ಅಂತ ಆಕಿಗೆ ಹೆಂಗ ಗೊತ್ತಾಗಬೇಕು? ಮಾರಿನೂ ಬರ್ಲಿ."

ಹೀಗಾಗಿ ಡಾಕ್ಟರಬಾಯಿಗೆ ಹೋದದ್ದು, ಒಂದು ಕೈಯಲ್ಲಿ ಸೆರಗು ಸರಿಸಿ, ಹೆಣ್ಣು ನೋಡಲು ಬಂದವರ ಎದುರು ನಿಂತ ಹಾಗೆ ನಗುತ್ತಿದ್ದ ಅವ್ವ. ಎಂಟು ವಾರ, ಎಂಟು ಸೀರೆ. ಏಳನೆಯದನ್ನು ಪಕ್ಕದ ಮನೆಯಿಂದ ಕೇಳಿ ತಂದಿದ್ದಳು. ನಾನು ಮಾತ್ರ ಫೋಟೋ ಹಿಗ್ಗಿಸಿ ಗುಳ್ಳೆ ಎಣಿಸುತ್ತಿದ್ದೆ. ಹನ್ನೊಂದು ಇದ್ದವು ಹದಿನೇಳಾದವು. ಅವಳಿಗೆ ಹೇಳಲಿಲ್ಲ. ನನಗೆ ಭಯವಾದರೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನೆಲ್ಲ ಪೌಡರ್ ಡಬ್ಬಿಯ ಮೇಲೆ ತೀರಿಸಿಕೊಂಡೆ.

ಒಂಬತ್ತನೆಯ ವಾರ ಡಾಕ್ಟರಬಾಯಿ ನಮ್ಮನ್ನು ಆಸ್ಪತ್ರೆಗೇ ಕರೆಸಿದರು. "ಗುಳಿಗಿ ನಾಟಲಿಲ್ರಿ ಅವ್ವಾರ. ಇನ್ನ ಮ್ಯಾಲ ನೋವಿಗಷ್ಟ ಔಷಧ ಕೊಡ್ತೀನಿ. ಫೋಟೋ ಕಳಿಸೋದೂ ಬ್ಯಾಡ್ರಿ" ಎಂದರು.

ಅವ್ವ ಸೆರಗು ಸರಿಮಾಡಿಕೊಂಡಳು. ಆಮೇಲೆ ಕೇಳಿದಳು, "ಯಾಕ್ರಿ, ಫೋಟೋ ಚಲೋ ಬಂದಿದ್ದಿಲ್ಲೇನು?"

"ಭಾಳ ಚಲೋ ಬಂದಾವ್ರಿ" ಎಂದ ಡಾಕ್ಟರಬಾಯಿ ನಗಲು ಹೋದರು, ಆಗಲಿಲ್ಲ.

ಮುಂದಿನ ಸೋಮವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ಅವ್ವ ಪೌಡರ್ ಹಚ್ಚಿಕೊಂಡು ಬಂದು ಬಾಗಿಲ ಬೆಳಕಿಗೆ ಕುರ್ಚಿ ಹಾಕಿ ಕೂತಳು.

"ಮೊಬೈಲ್ ತಗೊಂಡ ಬಾ."

"ಇನ್ನ ಯಾರಿಗೆ ಕಳಿಸೋದೈತಿ ಬೇ?"

ಅವಳು ಸೆರಗನ್ನು ಹೊಟ್ಟೆಯ ಮೇಲೆ ಪೂರ್ತಿ ಎಳೆದುಕೊಂಡಳು.

"ಯಾರಿಗೂ ಕಳಿಸಬ್ಯಾಡ. ನೀ ಇಟ್ಕೊ."