ಓಗೊಡುವ ಮುನ್ನ

ಪುಟ್ಟ ವಿಮಾನ ನಮ್ಮನ್ನು ಅಲಾಸ್ಕಾದ ಹಿಮನದಿಯ ಮೇಲೆ ಇಳಿಸಿ ಹೊರಟುಹೋಯಿತು. ಉಳಿದವರು ಮೂವರೇ: ಸ್ಕೀ ಗೈಡ್, ಅಮೆರಿಕದ ಇಟಾಸ್ಕಾ ಊರಿನ ನಾನು, ಮಿಷಿಗನ್ನಿನ ವಿಕ್ಸಮ್ ಊರಿನಿಂದ ಬಂದ ಗೆಳತಿ ಶೈಲಾ. ಅಲ್ಲಿನ ಗುಡ್ಡಗಳಲ್ಲಿ ಸ್ಕೀ ಮಾಡಿ ಗಳಿಸಿದ ಧೈರ್ಯ ನಮ್ಮದು.

"ಮಂಜು ಕವಿದರೆ ನಿಂತಲ್ಲೇ ನಿಲ್ಲಿ. ಹೆಸರು ಕರೆದ ತಕ್ಷಣ ಉತ್ತರಿಸಿ. ಇಲ್ಲದಿದ್ದರೆ ಹಿಮದ ಬಿರುಕಿನೊಳಗೆ ಬಿದ್ದಿದ್ದೀರಿ ಅಂದುಕೊಳ್ಳುತ್ತೇನೆ" ಎಂದು ಗೈಡ್ ಮೊದಲೇ ಎಚ್ಚರಿಸಿದ್ದ.

ಮಧ್ಯಾಹ್ನ ಮಂಜು ಕವಿಯಿತು. ನನ್ನ ಕೈ ನನಗೇ ಕಾಣದು. ಗೈಡ್ ನನ್ನ ಹೆಸರು ಕರೆದ, ಓಗೊಟ್ಟೆ. "ಶೈಲಾ!" ಎಂದ. ಉತ್ತರವಿಲ್ಲ. ಅವನು ಹಗ್ಗ ಬಿಚ್ಚುವ ಸದ್ದು ಮಾತ್ರ ಕೇಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ತೀರಾ ಹತ್ತಿರದಿಂದ, ಶೈಲಾ "ಓ..." ಎಂದಳು.

ಮಂಜು ಸರಿದ ಮೇಲೆ ಅವಳಿಗೆ ಚೆನ್ನಾಗಿ ಬೈದೆ.

"ಮೊದಲ್ನೇ ಸಲಕ್ಕೇ ಓ ಅಂದ್ಬಿಡೋದಾ? ದೆವ್ವ ಮೂರು ಸಲ ಕರೆಯಲ್ಲ ಅಂತ ನಮ್ಮಜ್ಜಿ ಹೇಳ್ಕೊಟ್ಟಿದ್ರು ಕಣೇ. ಅದಕ್ಕೇ ಮೂರನೇ ಸಲ ಕರೆದ್ಮೇಲೆ ಓ ಅಂದೆ" ಎಂದು ನಕ್ಕಳು.

ಡೆವನ್ ಅವೆನ್ಯೂವಿನ ಇಂಡಿಯನ್ ಅಂಗಡಿಯಿಂದ ತಂದಿದ್ದ ಚಕ್ಕುಲಿಯನ್ನು ಗೈಡ್‌ಗೆ ಕೊಡುತ್ತ ನಾನು ಇದನ್ನು ಇಂಗ್ಲಿಷಿನಲ್ಲಿ ವಿವರಿಸಿದೆ. ಅವನು ನಗಲಿಲ್ಲ.

"ನಾನು ಕರೆದದ್ದು ಒಂದೇ ಸಲ" ಎಂದ.

ನನಗೆ ಕೇಳಿದ್ದೂ ಒಂದೇ.